ಯಾರೂ ಏನೂ ಕೇಳದ ಅಜ್ಜಿ

ಶನಿವಾರ ಬೆಳಗಾದರೆ ನಾನು ನಮ್ಮ ಸಣ್ಣ ನೀಲಿ ಟ್ರಕ್ಕಿನ ಗಾಜು ಒರೆಸುತ್ತೇನೆ, ಅತ್ತೆ ತಮ್ಮ ಹೂವಿನ ಟೋಪಿ ಹುಡುಕುತ್ತಾರೆ. ಟೋಪಿ ಯಾವಾಗಲೂ ಬಾಗಿಲ ಹಿಂದಿನ ಮೊಳೆಯಲ್ಲೇ ಇರುತ್ತದೆ. ಆದರೂ ಒಂದಿಷ್ಟು ಹುಡುಕದೆ ಹೊರಟರೆ ಅವರಿಗೆ ಅದು ಶನಿವಾರ ಅನ್ನಿಸುವುದಿಲ್ಲ.

ನಮ್ಮ ಶೆತೌ ಊರಿನಲ್ಲಿ ಓಣಿಗೊಂದು ಕಾಲುಚೀಲದ ಕಾರ್ಖಾನೆ. ನಮ್ಮದು ಅವುಗಳಲ್ಲಿ ದೊಡ್ಡದೂ ಅಲ್ಲ, ಸಣ್ಣದೂ ಅಲ್ಲ. ಯಂತ್ರದಿಂದ ಕೆಳಗೆ ಬೀಳುವಾಗ ಕಾಲುಚೀಲಕ್ಕೆ ಎರಡೂ ಕಡೆ ಬಾಯಿ. ಬೆರಳ ಕಡೆಯ ಬಾಯಿ ಮುಚ್ಚುವ ಕೆಲಸ ನಮ್ಮಲ್ಲಿ ಕಾರ್ಖಾನೆಯೊಳಗೆ ಆಗುವುದಿಲ್ಲ. ಮೂಟೆ ಕಟ್ಟಿ ಮನೆಮನೆಗೆ ಕೊಡುತ್ತೇವೆ. ಹೆಂಗಸರು ಮುಂದಿನ ಕೋಣೆಯಲ್ಲಿ ಹೊಲಿಗೆ ಯಂತ್ರ ಇಟ್ಟುಕೊಂಡು, ಕಣ್ಣು ಟೀವಿಯ ಧಾರಾವಾಹಿಗೆ, ಕಿವಿ ಒಲೆಯ ಮೇಲಿನ ಸಾರಿಗೆ ಕೊಟ್ಟು ಹೊಲಿದಿಡುತ್ತಾರೆ. ಶನಿವಾರ ನಾವು ಹೊಲಿದ ಮೂಟೆ ಎತ್ತಿಕೊಂಡು ಹೊಸ ಮೂಟೆ ಇಳಿಸಿ ಬರುತ್ತೇವೆ. ಮೂಟೆ ಎತ್ತುವುದು ನಾನು, ಸುದ್ದಿ ಎತ್ತುವುದು ಅತ್ತೆ. ಯಾರ ಸೊಸೆ ಬಸುರಿ, ಯಾರ ಮೊಣಕಾಲು ಬಾತಿದೆ, ಯಾರ ಮನೆಯ ನಾಯಿ ಯಾರ ಕೋಳಿ ತಿಂದಿತು, ಎಲ್ಲವೂ ಟ್ರಕ್ಕಿನ ಮುಂದಿನ ಸೀಟಿಗೆ ಬಂದು ಕೂರುತ್ತದೆ. ಕೊನೆಗೆ ಸ್ಟೇಷನ್ ಹತ್ತಿರದ ಅಂಗಡಿಯಲ್ಲಿ ಇಬ್ಬರೂ ಬಾವಾನ್ ತಿನ್ನುತ್ತೇವೆ. ಗೆಣಸಿನ ಹಿಟ್ಟಿನ ಮೆತ್ತನೆಯ ದೊಡ್ಡ ಕಡುಬು ಅದು, ಒಳಗೆ ಹಂದಿಮಾಂಸ, ಎಳೆ ಬಿದಿರು. ಅತ್ತೆಗೆ ಬಿದಿರು ಅಗಿಯಲು ಆಗುವುದಿಲ್ಲ. ಆರಿಸಿ ಆರಿಸಿ ನನ್ನ ತಟ್ಟೆಗೆ ಹಾಕುತ್ತಾರೆ. ಮಾಂಸ ಮಾತ್ರ ಕೇಳಬೇಡ ಎನ್ನುತ್ತಾರೆ.

ನನ್ನ ಗಂಡ ಜಿನ್‌ಚುವಾನ್ ಸಮುದ್ರದಾಚೆ ಝೆಜಿಯಾಂಗ್ ಪ್ರಾಂತ್ಯದಲ್ಲಿ ಇನ್ನೊಂದು ಕಾರ್ಖಾನೆ ನಡೆಸುತ್ತಾನೆ. ನಮ್ಮೂರಿನ ಎಷ್ಟೋ ಗಂಡಸರು ಹೋದ ಹಾಗೆ ಅವನೂ ಹೋದ. ಹೊಸವರ್ಷಕ್ಕೆ, ಹಿರಿಯರ ಸಮಾಧಿ ಗುಡಿಸುವ ಹಬ್ಬಕ್ಕೆ ಬರುತ್ತಾನೆ. ಅಲ್ಲಿ ಅವನಿಗೆ ಇನ್ನೊಂದು ಮನೆಯೂ ಇದೆ. ನನಗೆ ಗೊತ್ತು, ಅತ್ತೆಗೆ ಗೊತ್ತು, ಎದುರುಮನೆಯ ಗಿಮ್ ಚಿಕ್ಕಮ್ಮನ ದಯೆಯಿಂದ ಊರಿಗೂ ಗೊತ್ತು. ಅತ್ತೆ ಆ ಬಗ್ಗೆ ನನ್ನೊಡನೆ ಒಂದು ಮಾತೂ ಆಡಿದವರಲ್ಲ. ಹೊಸವರ್ಷದ ಊಟದಲ್ಲಿ ಮೀನಿನ ಹೊಟ್ಟೆಯ ತುಂಡನ್ನು ಮಗನ ಬಟ್ಟಲು ದಾಟಿಸಿ ನನ್ನ ಬಟ್ಟಲಿಗೆ ಹಾಕುತ್ತಾರೆ. ಅಷ್ಟೇ. ನಾನು ಅವರನ್ನು ಅಮ್ಮ ಎಂದೇ ಕರೆಯುವುದು. ಇಲ್ಲಿ ಎಲ್ಲ ಸೊಸೆಯರೂ ಹಾಗೇ ಕರೆಯುತ್ತಾರೆ. ಆದರೆ ಕರೆಯುತ್ತಾ ಕರೆಯುತ್ತಾ ನನಗೆ ಯಾವಾಗಲೋ ಅದು ನಿಜವಾಗಿಬಿಟ್ಟಿತ್ತು.

ಇಲ್ಲಿನ ಕಾರ್ಖಾನೆ ನನ್ನ ತಲೆಯ ಮೇಲೆ. ನೂಲು ತರಿಸುವುದು, ಬಣ್ಣದವನ ಜೊತೆ ಜಗಳ, ಜಪಾನಿನ ಗಿರಾಕಿಗೆ ಮಾದರಿ ಕಳಿಸುವುದು, ಯಾರಿಗೆ ರಜೆ, ಯಾರಿಗೆ ಬೈಗುಳ. ಹೆಸರು ಮಾತ್ರ ಇಲ್ಲ. ಎಲ್ಲರಿಗೂ ನಾನು ತೌಕೆನ್ಯೂ, ಅಂದರೆ ಮಾಲೀಕನ ಹೆಂಡತಿ. ಫೋನ್ ಎತ್ತಿದರೆ, "ತೌಕೆನ್ಯೂ, ಮಾಲೀಕರಿದ್ದಾರಾ?" ಎನ್ನುತ್ತಾರೆ. ಇಲ್ಲ ಅಂದರೆ, "ಸರಿ, ಹಾಗಾದ್ರೆ ನೀವೇ ಹೇಳಿಬಿಡಿ," ಎನ್ನುತ್ತಾರೆ. ನಾನು ಹೇಳಿಬಿಡುತ್ತೇನೆ. ಕೆಲಸ ನಡೆಯುತ್ತದೆ.

ಹೀಗಿರುವಾಗ ಬಿಶ್ಯಾ ನನ್ನ ತಲೆಯಲ್ಲಿ ಹುಳ ಬಿಟ್ಟಳು. ಅವಳು ನನ್ನ ಶಾಲೆಯ ಗೆಳತಿ, ಪಕ್ಕದೂರಿನಲ್ಲಿ ಜಿಪ್ಪು ಮಾಡುವ ಕಾರ್ಖಾನೆ ಅವಳದು. ಕಾರ್ಖಾನೆ ನಡೆಸುತ್ತಲೇ ತೈಚುಂಗಿನ ಒಂದು ವಿಶ್ವವಿದ್ಯಾಲಯದಲ್ಲಿ ಎಂಬಿಎ ಮುಗಿಸಿದವಳು. ಮುಗಿದ ಮೇಲೂ ಆ ಸಹಪಾಠಿಗಳ ಜೊತೆ ಬೆಟ್ಟ ಹತ್ತುತ್ತಾಳೆ, ಒಬ್ಬರ ಕಾರ್ಖಾನೆ ಒಬ್ಬರು ನೋಡಲು ಹೋಗುತ್ತಾರೆ, ಒಬ್ಬರನ್ನೊಬ್ಬರು 'ಓದಿನ ಅಣ್ಣ', 'ಓದಿನ ಅಕ್ಕ' ಎಂದು ಕರೆಯುತ್ತಾರೆ.

"ನಲವತ್ತಾರು ವಯಸ್ಸಿಗೆ ಪರೀಕ್ಷೆ ಬರೀಲಾ ನಾನು?" ಎಂದು ನಕ್ಕೆ.

"ನಮ್ಮ ತರಗತಿಯಲ್ಲಿ ಮೊಮ್ಮಗು ಎತ್ಕೊಂಡು ಬರೋರೂ ಇದ್ರು ಕಣೇ. ನೀನಿನ್ನೂ ಎಳೆ ಮೂಲಂಗಿ."

"ಓದಿ ಏನು ಮಾಡ್ಲಿ? ಕಾಲುಚೀಲಕ್ಕೆ ಮೂರನೇ ಬಾಯಿ ಇಡ್ಲಾ?"

ಬಿಶ್ಯಾ ನಗಲಿಲ್ಲ. "ಯೂಲಾನ್, ನಿನ್ನನ್ನ ಯಾರಾದ್ರೂ ಕೊನೇ ಸಲ ನೀನೇನು ಅಂದ್ಕೋತೀಯ ಅಂತ ಕೇಳಿದ್ದು ಯಾವಾಗ?" ಎಂದಳು.

ನಾನು ಯೋಚಿಸಿದೆ. ಮಾತು ಬದಲಾಯಿಸಿದೆ. ಆದರೆ ಅರ್ಜಿ ಹಾಕಿದೆ.

ಸಂದರ್ಶನದಲ್ಲಿ ಮೂವರು ಕೂತಿದ್ದರು. ನಡುವಿನ ಪ್ರೊಫೆಸರ್, ನೆತ್ತಿ ಬೋಳಾದ ಮೆದು ಮುಖದ ಮನುಷ್ಯ, "ಕಂಪನಿಯಲ್ಲಿ ನೀವೇನು?" ಎಂದರು. "ಮಾಲೀಕರ ಹೆಂಡತಿ," ಎಂದೆ. "ಅದು ನೀವು ಅವರಿಗೆ ಏನು ಅನ್ನೋದಾಯ್ತು. ಕಂಪನಿಗೆ ನೀವೇನು?" ಅವರೇ ಸಹಾಯಕ್ಕೆ ಬಂದರು. "ಹೋಗಲಿ, ನೀವು ಒಂದು ತಿಂಗಳು ಇಲ್ಲದೆ ಹೋದ್ರೆ ಅಲ್ಲಿ ಏನಾಗುತ್ತೆ?" ನಾನು ತಟ್ಟನೆ, "ಕಾಲುಚೀಲಗಳಿಗೆಲ್ಲ ಬೆರಳ ತುದಿ ಇರೋದಿಲ್ಲ ಸರ್, ಹಾಕ್ಕೊಂಡ್ರೆ ಮೊಣಕಾಲಿನವರೆಗೂ ಹೋಗುತ್ತೆ," ಎಂದೆ. ಮೂವರೂ ನಕ್ಕರು. ಆಮೇಲೆ ಅವರು ಕೇಳುತ್ತಲೇ ಹೋದರು. ಮನೆಮನೆಗೆ ಏಕೆ ಕೊಡುತ್ತೀರಿ? ಆ ಹೆಂಗಸರಿಗೆ ವಯಸ್ಸಾದ ಮೇಲೆ ಯಾರು ಹೊಲಿಯುತ್ತಾರೆ? ಅದಕ್ಕೆ ನೀವೇನು ಯೋಚಿಸಿದ್ದೀರಿ? ನಾನು ಯೋಚಿಸಿದ್ದೆ. ಎಷ್ಟು ಯೋಚಿಸಿದ್ದೆ ಎಂದು ಹೇಳಲು ಶುರುಮಾಡಿದ ಮೇಲೆಯೇ ನನಗೆ ತಿಳಿದದ್ದು. ಹೊರಗೆ ಬಂದು ರೈಲು ಹತ್ತಿದಾಗ ನನ್ನ ಕೆನ್ನೆಗಳು ಬಿಸಿಯಾಗಿದ್ದವು, ಯಾರೋ ಹಬ್ಬದ ದಿನ ಕರೆದು ಊಟ ಹಾಕಿದ ಹಾಗೆ.

ಸೀಟು ಸಿಕ್ಕಿತು. ಬರುವ ಸೋಮವಾರ ಮಧ್ಯಾಹ್ನದೊಳಗೆ ಬರುತ್ತೇನೆ ಎಂದು ಫೋನ್ ಮಾಡಿ ತಿಳಿಸದಿದ್ದರೆ ಅದು ಇನ್ನೊಬ್ಬರಿಗೆ ಹೋಗುತ್ತದೆ ಎಂದರು. ಪಾಠ ಶನಿವಾರ, ಬೆಳಿಗ್ಗೆಯಿಂದ ಸಂಜೆಯವರೆಗೆ. ಎರಡು ವರ್ಷ.

ಅತ್ತೆ ಈಗಲೂ ಮುಂದಿನ ಕೋಣೆಯಲ್ಲಿ ಕೂತು ಹೊಲಿಯುತ್ತಾರೆ. ಬೇಡ ಎಂದರೆ, "ಮತ್ತೆ ಕೈ ಎಲ್ಲಿಟ್ಕೊಳ್ಲಿ?" ಎನ್ನುತ್ತಾರೆ. ವರ್ಷಾನುಗಟ್ಟಲೆ ಯಂತ್ರದ ಮೇಲೆ ಬಗ್ಗಿ ಬಗ್ಗಿ ಅವರ ಬೆನ್ನು ಕುಡುಗೋಲಿನಂತೆ ಬಾಗಿದೆ. ಅವರ ಪಕ್ಕ ಮೂಟೆಯ ಮೇಲೆ ಕೂತು ಹೇಳಿದೆ.

"ಅಮ್ಮಾ, ಎಂಬಿಎಗೆ ಸೀಟು ಸಿಕ್ಕಿದೆ."

"ಯಾರಿಗೆ?"

"ನನಗೆ."

ಯಂತ್ರ ನಿಲ್ಲಲಿಲ್ಲ. "ಜಾಣೆ ಅಂತ ಮದುವೆ ಮಾಡ್ಕೊಂಡು ಬರುವಾಗ್ಲೇ ಹೇಳಿದ್ರು ನಿಮ್ಮಪ್ಪ. ಸುಳ್ಳು ಅಂದ್ಕೊಂಡಿದ್ದೆ," ಎಂದರು. ಇನ್ನೊಂದು ಕಾಲುಚೀಲದ ಬಾಯಿ ಮುಚ್ಚಿ ಬುಟ್ಟಿಗೆ ಎಸೆದರು. "ಯಾವತ್ತು ಪಾಠ?"

"ಶನಿವಾರ."

ಯಂತ್ರ ನಿಂತಿತು.

"ಶನಿವಾರಾನೇ ಯಾಕೆ? ಅವರಿಗೆ ಬೇರೆ ದಿನ ಸಿಗಲಿಲ್ವಾ?"

"ಕೆಲಸ ಮಾಡೋರಿಗೆ ಅಂತಾನೇ ಇರೋ ಪಾಠ ಅಲ್ವಾಮ್ಮ. ಮಿಕ್ಕ ದಿನ ಎಲ್ರೂ ಕೆಲಸದಲ್ಲಿರ್ತಾರೆ."

"ಶನಿವಾರ ನಾವೂ ಕೆಲಸದಲ್ಲೇ ಇರ್ತೀವಲ್ಲ," ಎಂದರು ಮೆಲ್ಲಗೆ. ಕತ್ತರಿ ಎತ್ತಿಕೊಂಡು ಕತ್ತರಿಸಲು ಏನೂ ಇಲ್ಲದೆ ಮತ್ತೆ ಕೆಳಗಿಟ್ಟರು.

"ನೀವು ಬೇಡ ಅಂದ್ರೆ ಬಿಡ್ತೀನಮ್ಮ."

"ನಾನೆಲ್ಲಿ ಬೇಡ ಅಂದೆ? ನನ್ನ ಬಾಯಲ್ಲಿ ಯಾಕೆ ಹಾಕ್ತೀಯ ಮಾತನ್ನ? ಈ ಶನಿವಾರ ಹದಿನಾರು ಬರುತ್ತೆ. ಭೂಮಿ ಅಜ್ಜನ್ನೇ ಕೇಳೋಣ."

ಚಾಂದ್ರಮಾನದ ಎರಡನೆಯ ದಿನ ಮತ್ತು ಹದಿನಾರನೆಯ ದಿನ ನಮ್ಮಲ್ಲಿ ವ್ಯಾಪಾರಸ್ಥರೆಲ್ಲ ಭೂಮಿ ಅಜ್ಜನಿಗೆ ಪೂಜೆ ಮಾಡುತ್ತಾರೆ. ನಮ್ಮ ಓಣಿಯ ಕೊನೆಯಲ್ಲಿ ಆಲದ ಮರದ ಕೆಳಗೆ ಅವನ ಪುಟ್ಟ ಗುಡಿ. ಬಿಳಿ ಗಡ್ಡ, ಗುಂಡು ಕೆನ್ನೆ, ಕೈಯಲ್ಲಿ ಚಿನ್ನದ ಗಟ್ಟಿ. ಪಕ್ಕದಲ್ಲಿ ಭೂಮಿ ಅಜ್ಜಿ. ಎಷ್ಟೋ ಗುಡಿಗಳಲ್ಲಿ ಅಜ್ಜಿಯನ್ನು ಕೂರಿಸುವುದೇ ಇಲ್ಲ. ಅಜ್ಜ ಲೋಕದ ಎಲ್ಲರನ್ನೂ ಸಾಹುಕಾರರನ್ನಾಗಿ ಮಾಡಬೇಕೆಂದಿದ್ದನಂತೆ, ಅಜ್ಜಿ ತಡೆದಳಂತೆ. ಎಲ್ಲರೂ ಸಾಹುಕಾರರಾದರೆ ನಾಳೆ ನಮ್ಮ ಮಗಳ ಮದುವೆಯ ಪಲ್ಲಕ್ಕಿ ಹೊರುವವರು ಯಾರು ಎಂದಳಂತೆ. ಅದಕ್ಕೇ ಜನಕ್ಕೆ ಅವಳ ಮೇಲೆ ಕೋಪ. ನಮ್ಮ ಗುಡಿಯಲ್ಲಿ ಹೇಗೋ ಒಂದು ಮೂಲೆ ಸಿಕ್ಕಿದೆ. ಹಣ್ಣು, ಬಿಸ್ಕತ್ತು, ಚಹಾ ಅಜ್ಜನ ಮುಂದೆ ಇಟ್ಟು, ಮಿಕ್ಕರೆ ಅವಳಿಗೊಂದು ಊದುಬತ್ತಿ. ಪ್ರಶ್ನೆಯನ್ನಂತೂ ಅವಳ ಮುಂದೆ ಯಾರೂ ಇಡುವುದಿಲ್ಲ.

ಮರುದಿನ ಜಿನ್‌ಚುವಾನ್ ವಿಡಿಯೊ ಕರೆ ಮಾಡಿದ. ಅವನ ಹಿಂದೆ ಗೋಡೆಯ ಮೇಲೆ ಯಾವುದೋ ಮಗು ಬಿಡಿಸಿದ ಸೂರ್ಯನ ಚಿತ್ರ ಅಂಟಿಸಿತ್ತು. ಅವನು ಸ್ವಲ್ಪ ಪಕ್ಕಕ್ಕೆ ಸರಿದು ಅದನ್ನು ಮರೆಮಾಡಿದ. ನಾನೂ ನೋಡದವಳಂತೆ ಇದ್ದೆ.

"ಎಂಬಿಎ ಮಾಡಿ ಯಾವ ಕಂಪನೀಲಿ ಮ್ಯಾನೇಜರ್ ಆಗ್ತೀಯ? ನಮ್ಮದೇ ಕಂಪನಿ ಇದೆಯಲ್ಲ," ಎಂದ.

"ನಮ್ಮದರಲ್ಲೇ ಆಗ್ತೀನಿ."

"ನೀನೀಗ ತೌಕೆನ್ಯೂ. ಮ್ಯಾನೇಜರ್ ಆದ್ರೆ ಬಡ್ತಿನಾ ಹಿಂಬಡ್ತಿನಾ?" ತನ್ನ ಮಾತಿಗೆ ತಾನೇ ನಕ್ಕ. ಆಮೇಲೆ, "ಅಮ್ಮ ಏನಂತಾರೆ?"

"ಅಜ್ಜನ್ನ ಕೇಳೋಣ ಅಂತಾರೆ."

"ಮತ್ತೆ ನನ್ನನ್ನೇನು ಕೇಳ್ತೀಯ? ಅಜ್ಜ ಅಂದಿದ್ದೇ ಸರಿ."

ಅವನನ್ನು ನಾನು ಕೇಳಿರಲಿಲ್ಲ, ತಿಳಿಸಿದ್ದೆ ಅಷ್ಟೇ. ಆದರೆ ಆ ವ್ಯತ್ಯಾಸ ಬಿಡಿಸಿ ಹೇಳುವ ಉತ್ಸಾಹ ಬರಲಿಲ್ಲ.

ನನಗೂ ಗಟ್ಟಿ ಮನಸ್ಸೇನೂ ಇರಲಿಲ್ಲ. ನೂಲಿನ ಅಂಗಡಿಯವನ ಜೊತೆ ಮಾತಾಡುತ್ತಾ ಹೋಗೋಣ ಅನ್ನಿಸುತ್ತಿತ್ತು. ಅತ್ತೆಯ ಟೋಪಿ ಕಣ್ಣಿಗೆ ಬಿದ್ದರೆ ಬೇಡ ಅನ್ನಿಸುತ್ತಿತ್ತು. ಪಾಠ ತಲೆಗೆ ಹತ್ತುತ್ತದೋ ಇಲ್ಲವೋ ಎಂಬ ಭಯ ಅಷ್ಟಿರಲಿಲ್ಲ. ಹತ್ತಿದರೆ ಎಂಬ ಭಯವೇ ಹೆಚ್ಚು. ನೀವೇನು, ನೀವೇನು ಎಂದು ಕೇಳುವ ಕೋಣೆಯಲ್ಲಿ ಎರಡು ವರ್ಷ ಕೂತವಳು ಸಂಜೆ ಈ ಮನೆಗೆ ಅದೇ ಹೆಂಗಸಾಗಿ ವಾಪಸು ಬರುತ್ತಾಳೆಯೇ? ಗೋಡೆಯ ಮೇಲಿನ ಸೂರ್ಯನನ್ನು ನೋಡದವಳಂತೆ ಇರಲು ಅವಳಿಗೆ ಆಗುತ್ತದೆಯೇ? ಆಗದಿದ್ದರೆ, ಅತ್ತೆಯ ಗತಿ?

ಶನಿವಾರ ಬಂತು. ಗಾಜು ಒರೆಸಿದೆ, ಟೋಪಿ ಸಿಕ್ಕಿತು, ಹೊರಟೆವು. ಸೇಬು, ಬಿಸ್ಕತ್ತು, ಕೆಂಪು ಚೀಲದಲ್ಲಿ ದೇವರ ಮುಂದೆ ಸುಡುವ ಪೂಜೆಯ ಕಾಗದ ಎಲ್ಲ ಅತ್ತೆಯ ಮಡಿಲಲ್ಲಿದ್ದವು. ಮೊದಲ ಮನೆ ಗಿಮ್ ಚಿಕ್ಕಮ್ಮನದು. ಮೂಟೆ ಎಳೆದು ತರುತ್ತಲೇ ಶುರುಮಾಡಿದಳು.

"ಏನೇ ಯೂಲಾನ್, ಕಾಲೇಜು ಹುಡುಗಿ ಆಗ್ತೀಯಂತೆ? ಎರಡು ಜಡೆ ಹಾಕ್ಕೊಂಡು ಹೋಗ್ತೀಯೋ ಒಂದೋ?"

"ಕೂದಲು ಎಷ್ಟಿದೆ ನೋಡಿ ಹೇಳಿ ಚಿಕ್ಕಮ್ಮ."

"ನಗೋ ಮಾತಲ್ಲ ಕಣೇ. ಆ ಛತ್ರಿ ಕಾರ್ಖಾನೆಯವನ ಹೆಂಡತಿ ಹೀಗೇ ಓದಕ್ಕೆ ಹೋದ್ಲು. ಓದು ಮುಗಿದಿದ್ದೇ ವಕೀಲನ್ನ ನೋಡಿದ್ಲು, ಪಾಲು ತಗೊಂಡ್ಲು, ತೈಪೇಲಿ ಮನೆ ಮಾಡಿದ್ಲು. ಈಗ ಅವಳ ಅತ್ತೆ ಒಬ್ಬಳೇ ಬಾಗಿಲಲ್ಲಿ ಕೂತು ನೊಣ ಎಣಿಸ್ತಾಳೆ."

ನಾನು ಟ್ರಕ್ಕಿನ ಕಡೆ ನೋಡಿದೆ. ಅತ್ತೆ ಸೇಬುಗಳನ್ನು ಒಂದೊಂದಾಗಿ ತಮ್ಮ ಅಂಗಿಯ ಅಂಚಿಗೆ ಒರೆಸುತ್ತಿದ್ದರು. ಕೇಳಿಸಿತ್ತು. ಅವರ ಕಿವಿ ಮಂದ. ಕೇಳಿಸಬಾರದ್ದು ಮಾತ್ರ ಯಾವಾಗಲೂ ಕೇಳಿಸುತ್ತದೆ.

ಆ ದಿನ ಅವರು ಯಾವ ಸುದ್ದಿಯನ್ನೂ ಎತ್ತಲಿಲ್ಲ. ಮೂಟೆಗಳನ್ನು ಮಾತ್ರ ಎತ್ತಿಕೊಂಡು ಓಣಿ ಓಣಿ ದಾಟಿದೆವು. ಒಂದು ಕಡೆ, "ಗೇರು ಬದಲಾಯಿಸು, ಗಾಡಿ ನರಳ್ತಾ ಇದೆ," ಎಂದರು. ಗಾಡಿ ನರಳುತ್ತಿರಲಿಲ್ಲ.

ಗುಡಿಯಲ್ಲಿ ಯಾರೂ ಇರಲಿಲ್ಲ. ಅತ್ತೆ ಸೇಬು ಜೋಡಿಸಿದರು, ಚಹಾ ಸುರಿದರು, ಊದುಬತ್ತಿ ಹಚ್ಚಿದರು. ಆಮೇಲೆ ಮೇಜಿನ ಮೇಲಿದ್ದ ಕೆಂಪು ಮರದ ಎರಡು ಬಿಲ್ಲೆಗಳನ್ನು ಕೈಗೆ ತೆಗೆದುಕೊಂಡರು. ಅರ್ಧಚಂದ್ರದಂಥ ಬಿಲ್ಲೆಗಳು, ಒಂದು ಮೈ ಉಬ್ಬು, ಒಂದು ಮೈ ಚಪ್ಪಟೆ. ಕೆಳಗೆ ಬಿಟ್ಟಾಗ ಒಂದು ಉಬ್ಬು ಒಂದು ಚಪ್ಪಟೆ ಮೇಲಾದರೆ ದೇವರ ಒಪ್ಪಿಗೆ. ಎರಡೂ ಉಬ್ಬಾದರೆ ಇಲ್ಲ. ಎರಡೂ ಚಪ್ಪಟೆ ಮೇಲಾದರೆ ದೇವರು ನಗುತ್ತಿದ್ದಾನೆ ಎಂದರ್ಥ. ದೊಡ್ಡ ವಿಷಯಕ್ಕೆ ಒಂದರ ಹಿಂದೊಂದು ಮೂರು ಸಲ ಒಪ್ಪಿಗೆ ಬೀಳಬೇಕು.

ಅತ್ತೆ ಅಜ್ಜನಿಗೆ ನನ್ನ ಹೆಸರು, ಹುಟ್ಟಿದ ದಿನ, ಮನೆಯ ವಿಳಾಸ ಎಲ್ಲ ಗಟ್ಟಿಯಾಗಿ ಹೇಳಿದರು. "ಇವಳು ಎಂಬಿಎ ಓದಿದ್ರೆ ಕಾರ್ಖಾನೆಗೆ ಒಳ್ಳೇದಾಗುತ್ತಾ ಅಜ್ಜಯ್ಯ?" ಎಂದು ಬಿಲ್ಲೆ ಬಿಟ್ಟರು.

ಎರಡೂ ಚಪ್ಪಟೆ. ಅಜ್ಜ ನಕ್ಕ.

"ಮಾಲು ಚೆನ್ನಾಗಿ ಹೋಗುತ್ತಾ?" ಮತ್ತೆ ಎರಡೂ ಚಪ್ಪಟೆ.

"ನಗ್ಬೇಡ ನೀನು," ಎಂದರು ಅತ್ತೆ ಸಿಟ್ಟಿನಿಂದ. "ವಯಸ್ಸಾದೋಳು ಸೊಂಟ ನೋಯಿಸ್ಕೊಂಡು ಕೇಳ್ತಿದ್ದೀನಿ." ಮೂರನೆಯ ಸಲವೂ ನಕ್ಕ.

"ಕೇಳೋದು ಸರಿಯಾಗಿಲ್ವೇನೋಮ್ಮ," ಎಂದೆ. ಮನಸ್ಸಿನಲ್ಲಿ ಒಂದಿದ್ದು ಬಾಯಲ್ಲಿ ಇನ್ನೊಂದು ಕೇಳಿದರೆ ದೇವರು ನಗುತ್ತಾನೆ ಎಂದು ನನಗೆ ಹೇಳಿಕೊಟ್ಟವರು ಅವರೇ.

ಹೊರಗೆ ಆಲದ ಮರದಲ್ಲಿ ಜೀರುಂಡೆಗಳು ಕೂಗುತ್ತಿದ್ದವು. ಅತ್ತೆ ಬಿಲ್ಲೆಗಳನ್ನು ಎತ್ತಿಕೊಂಡು, ಅಜ್ಜನ ಮುಂದಿನಿಂದ ಪುಟ್ಟ ಪುಟ್ಟ ಹೆಜ್ಜೆ ಇಟ್ಟು, ಅಜ್ಜಿಯ ಎದುರಿಗೆ ಸರಿದರು. ಒಂದು ಸೇಬನ್ನೂ ಜೊತೆಗೆ ತಂದು ಅವಳ ಮುಂದಿಟ್ಟರು.

"ಇವನ ಹತ್ರ ಏನು ಕೇಳೋದು. ಗಂಡಸರಿಗೆ ಎಲ್ಲಾ ತಮಾಷೆ," ಎಂದು ಗೊಣಗಿದರು. "ಎಲ್ಲಾರೂ ಇವಳನ್ನ ಜಿಪುಣಿ ಅಂತಾರೆ. ನಾಳೆ ಏನಾಗುತ್ತೆ ಅಂತ ಆ ಮನೇಲಿ ಯೋಚನೆ ಮಾಡಿದೋಳು ಇವಳೊಬ್ಬಳೇ."

ಕಣ್ಣು ಮುಚ್ಚಿ ಪಿಸುಗುಟ್ಟಿದರು. ಕಿವಿ ಮಂದವಾದವರ ಪಿಸುಮಾತು ಅಂಗಳಕ್ಕೆಲ್ಲ ಕೇಳುತ್ತದೆ. ನಾನು ಗುಡಿಯ ಕಂಬಕ್ಕೆ ಒರಗಿ ನಿಂತಿದ್ದೆ. ಒಂದಕ್ಷರವೂ ತಪ್ಪಲಿಲ್ಲ.

"ಅಜ್ಜೀ, ನನ್ನ ಸೊಸೆ ಶನಿವಾರ ಇರೋಲ್ಲ. ಇನ್ನು ಮುಂದೆ ಬೇರೆ ದಿನಾನೂ ಇಲ್ದೇ ಹೋಗ್ಬಹುದು. ಅವಳನ್ನ ಹಿಡ್ಕೊಳ್ಳೋ ಮುಖ ನನಗಿಲ್ಲ, ನನ್ನ ಮಗ ಉಳಿಸಿಲ್ಲ. ಹೋಗು ಅಂತ ನಾನೇ ಹೇಳ್ಬೇಕು. ಹೇಳಿದ ಮೇಲೆ ನಾನು ತಡ್ಕೋತೀನಾ? ಅಷ್ಟು ಹೇಳು ಸಾಕು."

ಬಿಲ್ಲೆ ಬಿಟ್ಟರು. ಒಂದು ಉಬ್ಬು, ಒಂದು ಚಪ್ಪಟೆ.

ಮತ್ತೆ ಎತ್ತಿ ಬಿಟ್ಟರು. ಒಪ್ಪಿಗೆ.

ನನ್ನ ಕಣ್ಣು ಮಂಜಾಗಿತ್ತು. ಊದುಬತ್ತಿಯ ಹೊಗೆ ಎಂದುಕೊಳ್ಳಲಿ ಎಂದು ಆ ಕಡೆ ಮುಖ ತಿರುಗಿಸಿದೆ. ಮೂರನೆಯ ಸಲ ಒಂದು ಬಿಲ್ಲೆ ಅಲ್ಲೇ ಬಿತ್ತು, ಉಬ್ಬು ಮೇಲೆ. ಇನ್ನೊಂದು ಪುಟಿದು, ಉರುಳಿ, ಪೂಜೆಯ ಮೇಜಿನ ಕೆಳಗೆ ಹೋಯಿತು.

"ನೋಡೇ ಯೂಲಾನ್, ಹೇಗೆ ಬಿದ್ದಿದೆ?" ಎಂದರು. "ಮುಟ್ಬೇಡ, ನೋಡು ಮೊದಲು."

ನಾನು ಮಂಡಿಯೂರಿ ಮೇಜಿನ ಕೆಳಗೆ ತಲೆ ಹಾಕಿದೆ. ಅಲ್ಲಿ ಹುಲಿದೇವರು ಇರುತ್ತಾನೆ. ಕಲ್ಲಿನ ಪುಟ್ಟ ಹುಲಿ, ದುಂಡು ಕಣ್ಣು, ಬಾಯಲ್ಲಿ ಯಾರೋ ಸಿಕ್ಕಿಸಿದ ನಾಣ್ಯ, ಮುಂದೆ ತಟ್ಟೆಯಲ್ಲಿ ಹಸಿ ಮೊಟ್ಟೆಯೊಂದು. ಬಿಲ್ಲೆ ಅವನ ಮುಂಗಾಲಿಗೆ ಒರಗಿ ನೆಟ್ಟಗೆ ಅಂಚಿನ ಮೇಲೆ ನಿಂತಿತ್ತು. ಉಬ್ಬೂ ಅಲ್ಲ, ಚಪ್ಪಟೆಯೂ ಅಲ್ಲ.

ಬಿಲ್ಲೆ ಏನಕ್ಕಾದರೂ ಒರಗಿ ನಿಂತರೆ ಅದು ಲೆಕ್ಕಕ್ಕಿಲ್ಲ, ಮತ್ತೆ ಹಾಕಬೇಕು. ಇದು ಇಲ್ಲಿನ ಮಕ್ಕಳಿಗೂ ಗೊತ್ತು.

ಹುಲಿಯೂ ನಾನೂ ಮುಖಕ್ಕೆ ಮುಖ ಕೊಟ್ಟು ಕೂತಿದ್ದೆವು. ಒರಗಿದೆ ಅಮ್ಮಾ ಎಂದರೆ ಸಾಕು, ಅತ್ತೆ ಮತ್ತೆ ಹಾಕುತ್ತಾರೆ. ಇಲ್ಲ ಎಂದು ಬಿದ್ದರೂ ಬೀಳಬಹುದು. ಬಿದ್ದರೆ ನಾನು ಶನಿವಾರಗಳಲ್ಲಿ ಈ ಟ್ರಕ್ಕಿನಲ್ಲೇ ಇರುತ್ತೇನೆ, ಬಿದಿರು ನನ್ನ ತಟ್ಟೆಗೆ ಬೀಳುತ್ತದೆ, ಯಾರ ಮೇಲೂ ತಪ್ಪಿಲ್ಲ. ನೆಮ್ಮದಿ. ಆ ನೆಮ್ಮದಿ ಒಂದು ಕ್ಷಣ ನನ್ನನ್ನು ನಿಜವಾಗಿಯೂ ಕರೆಯಿತು. ಆದರೆ ಪ್ರೊಫೆಸರ್ ಕೇಳಿದ ಪ್ರಶ್ನೆ ನೆನಪಾಯಿತು. ಅದಕ್ಕಿಂತ ಹೆಚ್ಚಾಗಿ, ಯಾರೂ ಏನೂ ಕೇಳದ ಅಜ್ಜಿಯ ಮುಂದೆ ನಿಂತು ಅತ್ತೆ ಕೇಳಿದ ಪ್ರಶ್ನೆ. ನನ್ನನ್ನು ತಡೆಯಬೇಕೆ ಬೇಡವೆ ಎಂದು ಅವರು ಕೇಳಿರಲಿಲ್ಲ. ತಾನು ತಡೆದುಕೊಳ್ಳಬಲ್ಲೆನೇ ಎಂದು ಕೇಳಿದ್ದರು. ಅಷ್ಟು ಕೇಳಿದವರಿಗೆ ಇಲ್ಲ ಎಂದು ಬೀಳುವ ಅವಕಾಶವನ್ನು ನಾನು ಕೊಡಲಾರದೆ ಹೋದೆ. ನನಗೆ ಹೋಗಬೇಕಾಗಿತ್ತು, ಅದೂ ನಿಜ.

"ಚಪ್ಪಟೆ ಮೇಲಿದೆ ಅಮ್ಮಾ," ಎಂದೆ. ಬಿಲ್ಲೆ ಎತ್ತಿಕೊಂಡು ಹೊರಗೆ ಬಂದೆ.

"ಸರಿ," ಎಂದರು ಅತ್ತೆ. ಕೈಮುಗಿದರು. ಕಾಗದ ಸುಟ್ಟೆವು. ಸೇಬುಗಳನ್ನು ಚೀಲಕ್ಕೆ ಹಾಕಿಕೊಳ್ಳುವಾಗ ಅಜ್ಜಿಯ ಮುಂದಿನದನ್ನು ಅವರು ಅಲ್ಲೇ ಬಿಟ್ಟರು.

ಬಾವಾನ್ ಅಂಗಡಿಯಲ್ಲಿ ನಾವು ಯಾವಾಗಲೂ ಕೂರುವ ಮೇಜು ಖಾಲಿಯಿತ್ತು. ತಟ್ಟೆ ಬಂತು. ಅತ್ತೆ ಕಡುಬನ್ನು ಚಮಚದಿಂದ ಸೀಳಿ, ಬಿದಿರು ಆರಿಸಿ ನನ್ನ ತಟ್ಟೆಗೆ ಹಾಕತೊಡಗಿದರು. ತಲೆ ಎತ್ತದೆ ಕೇಳಿದರು:

"ಹುಲಿಯ ಕಾಲಿಗೆ ಒರಗಿತ್ತಲ್ವಾ?"

ನಾನು ಚಮಚ ಕೆಳಗಿಟ್ಟೆ. "ನಿಮಗೆ ಹೇಗೆ ಗೊತ್ತು?"

"ಹೊಲಿದು ಹೊಲಿದು ನನ್ನ ಬೆನ್ನು ಹೀಗಾಗಿದೆ ಕಣೇ. ನೀವೆಲ್ಲ ನಿಂತ್ಕೊಂಡ್ರೆ ದೇವರ ಮುಖ ಕಾಣುತ್ತೆ. ನಾನು ನಿಂತ್ಕೊಂಡ್ರೆ ಮೇಜಿನ ಕೆಳಗೆ ಕಾಣುತ್ತೆ. ಆ ಹುಲಿ ನನಗೆ ಹಳೇ ಸ್ನೇಹಿತ."

ನಾನು ನಗಲೂ ಆಗದೆ ಅಳಲೂ ಆಗದೆ ಕೂತೆ. "ಮತ್ತೆ ಯಾಕೆ ನನ್ನನ್ನ ನೋಡು ಅಂದ್ರಿ?"

"ನೀನೇನು ಹೇಳ್ತೀಯೋ ಕೇಳೋಣ ಅಂತ." ಬಿದಿರಿನ ಇನ್ನೊಂದು ಚೂರು ಸಿಕ್ಕಿತು, ಅದನ್ನೂ ದಾಟಿಸಿದರು. "ಒರಗಿದೆ ಅಮ್ಮಾ ಅಂದಿದ್ರೆ ಮತ್ತೆ ಹಾಕ್ತಿದ್ದೆ. ನಿನಗೆ ಅಷ್ಟೊಂದು ಮನಸ್ಸಿಲ್ಲ ಅಂದ್ಕೋತಿದ್ದೆ. ಸ್ವಲ್ಪ ಖುಷೀನೂ ಪಡ್ತಿದ್ದೆ, ಸುಳ್ಳು ಯಾಕೆ ಹೇಳ್ಲಿ. ನೀನು ಚಪ್ಪಟೆ ಅಂದೆ. ಇಷ್ಟು ವರ್ಷದಲ್ಲಿ ನನಗೆ ನೀನು ಹೇಳಿದ ಮೊದಲನೇ ಸುಳ್ಳು."

"ಅಮ್ಮಾ…"

"ತಿನ್ನು, ಆರಿ ಹೋಗುತ್ತೆ. ಸೋಮವಾರ ಬೆಳಿಗ್ಗೇನೇ ಫೋನ್ ಮಾಡಿ ಬರ್ತೀನಿ ಅಂತ ಹೇಳು. ಮಧ್ಯಾಹ್ನದವರೆಗೆ ಕಾಯ್ಬೇಡ, ಬಣ್ಣದವನ ಜೊತೆ ಜಗಳಕ್ಕೆ ನಿಂತ್ರೆ ನಿನಗೆ ಹೊತ್ತು ಹೋಗಿದ್ದು ಗೊತ್ತಾಗಲ್ಲ."

"ಮತ್ತೆ ಮೂಟೆಗಳು?"

"ಗಿಮ್‌ಗೆ ಗಾಡಿ ಓಡಿಸೋಕೆ ಬರುತ್ತೆ. ಕೋಳಿ ಓಡಿಸೋ ಹಾಗೆ ಓಡಿಸ್ತಾಳೆ, ಪರವಾಗಿಲ್ಲ. ಅವಳ ಪಕ್ಕ ಕೂತ್ರೆ ನಾನು ಸುದ್ದಿ ಎತ್ತೋ ಕಷ್ಟಾನೂ ಇಲ್ಲ, ಎಲ್ಲ ಅವಳ ಹೊಟ್ಟೇಲೇ ಇರುತ್ತೆ." ಬಾಯಿ ಒರೆಸಿಕೊಂಡರು. ಬೇರೆಲ್ಲೋ ನೋಡುತ್ತಾ ಕೇಳಿದರು: "ನಾನು ಅಜ್ಜಿ ಹತ್ರ ಕೇಳಿದ್ದು ನಿನಗೆ ಕೇಳಿಸ್ತಾ?"

"ಇಲ್ಲಮ್ಮ. ನೀವು ಪಿಸುಗುಟ್ಟಿದ್ರಲ್ಲ," ಎಂದೆ.

ಅವರು ನನ್ನನ್ನೇ ನೋಡಿದರು. ಇದು ಎರಡನೆಯ ಸುಳ್ಳು ಎಂದು ಗೊತ್ತಾಯಿತೋ ಏನೋ, ಮುಖದ ಸುಕ್ಕುಗಳೆಲ್ಲ ಕಣ್ಣಿನ ಕಡೆಗೆ ಸರಿದವು.

"ಅಮ್ಮಾ, ಭಾನುವಾರ ಈ ಅಂಗಡಿ ಬಾಗಿಲು ತೆಗೆದಿರುತ್ತಾ?" ಎಂದೆ.

"ತೆಗೆದಿಲ್ದಿದ್ರೆ ತೆಗೆಸ್ತೀನಿ."

ಎದ್ದು ಟೋಪಿ ಹಾಕಿಕೊಂಡರು. ನಾನು ಟ್ರಕ್ಕಿನ ಕೀಲಿ ತಿರುಗಿಸಿದಾಗ ನನ್ನ ತೋಳು ಹಿಡಿದು ನಿಲ್ಲಿಸಿದರು.

"ಮನೆಗೆ ಬೇಡ. ಮೊದಲು ಆ ಮೂಲೆ ಅಂಗಡೀಲಿ ಒಂದು ಮೊಟ್ಟೆ ತಗೊಂಡು ಗುಡಿಗೆ ತಿರುಗಿಸು. ಅವನ ಕಾಲ ಬುಡದಲ್ಲೇ ಕೂತು ಸುಳ್ಳು ಹೇಳಿದ್ದೀಯ. ಹುಲಿಯ ಬಾಯಿ ಮುಚ್ಚಿಸಬೇಕಲ್ಲ."

ಮೊಟ್ಟೆ ಕೊಂಡೆವು. ಒಡೆಯದಿರಲಿ ಎಂದು ಅತ್ತೆ ಅದನ್ನು ಹೊಲಿದ ಹೊಸ ಕಾಲುಚೀಲವೊಂದರ ಬೆರಳ ತುದಿಗೆ ಇಳಿಸಿ, ಎರಡೂ ಕೈಯಲ್ಲಿ ಹಿಡಿದು ಕೂತರು. ನಾನು ನಿಧಾನವಾಗಿ ಗಾಡಿ ತಿರುಗಿಸಿದೆ.